ಲೇಪದ ಕೀರ್ತಿಯೂ ಸರಳಿನ ಅಜ್ಞಾತವಾಸವೂ

ಬಚ್ಚಲುಮನೆಯ ಗೀಸರಿನ ತಳದಲ್ಲಿ ತುಕ್ಕಿನ ಕಲೆ ಮೂಡಿದೊಡನೆ ಎಪಾಕ್ಸಿ ಲೇಪವನ್ನು ಮೆತ್ತಿ, ಅದರ ಮೇಲೆ ಬಣ್ಣ ಬಳಿದು, ಸೋರಿಕೆ ನಿಂತಿತೆಂದು ಸಮಾಧಾನಗೊಳ್ಳುವ ಪದ್ಧತಿಯು ನಮ್ಮ ನಗರಗಳಲ್ಲಿ ಪಡೆದಿರುವ ಮನ್ನಣೆ ಅದರ ಯೋಗ್ಯತೆಯನ್ನು ಬಹುದೂರ ಮೀರಿದುದು. ಅಲ್ಪವ್ಯಯದ, ಶೀಘ್ರವಾದ ಉಪಾಯವೆಂಬ ಅದರ ಗುಣವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ನಾವು ಬಣ್ಣ ಬಳಿಯುವುದು ಹೊರಕವಚಕ್ಕೆ. ನೀರು ನಿಲ್ಲುವ ಉಕ್ಕಿನ ಪಾತ್ರೆಯಾದರೋ ಉಷ್ಣನಿರೋಧಕ ಪದರದ ಒಳಗೆ ಮರೆಯಾಗಿದ್ದು, ಒಳಮೈಯಿಂದಲೇ ಸವೆಯುತ್ತಿರುತ್ತದೆ.

ಈ ಸವೆತಕ್ಕೆ ನಿಜವಾದ ಪ್ರತೀಕಾರವು ಪಾತ್ರೆಯೊಳಗೇ ಇದೆ; ಅದನ್ನು ಕಂಡವರು ವಿರಳ. ಉಕ್ಕಿನ ಒಳಮೈಗೆ ಬೆಸೆದ ಗಾಜಿನಂಥ ಎನಾಮಲ್ ಪದರವು ಎಷ್ಟೇ ನಯವಾಗಿದ್ದರೂ, ಬೆಸುಗೆಯ ಅಂಚುಗಳಲ್ಲಿ ಸೂಜಿಮೊನೆಯಷ್ಟು ರಂಧ್ರಗಳು ಉಳಿಯುವುದು ಸಹಜ. ಅಲ್ಲಿ ಬಯಲಾದ ಉಕ್ಕನ್ನು ಕಾಯುವುದಕ್ಕೆಂದೇ ಮೆಗ್ನೀಸಿಯಮ್ಮಿನ ಆನೋಡ್ ಸರಳೊಂದನ್ನು ನೀರಿನಲ್ಲಿ ಇಳಿಬಿಟ್ಟಿರುತ್ತಾರೆ. ಉಕ್ಕಿಗಿಂತ ಸುಲಭವಾಗಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ಈ ಲೋಹವು ತಾನು ಕರಗಿ ಉಕ್ಕನ್ನು ಉಳಿಸುತ್ತದೆ. ಅದು ಕರಗಿ ಮುಗಿದ ಬಳಿಕ ಉಕ್ಕಿನ ಸರದಿ ಆರಂಭವಾಗುತ್ತದೆ. 1824ರಲ್ಲಿ ಹಂಫ್ರಿ ಡೇವಿಯು ಬ್ರಿಟಿಷ್ ಯುದ್ಧನೌಕೆಗಳ ತಾಮ್ರದ ಹೊದಿಕೆಯನ್ನು ಕಬ್ಬಿಣ, ಸತುವುಗಳ ತುಂಡುಗಳಿಂದ ರಕ್ಷಿಸಲು ಹೊರಟದ್ದು ಇದೇ ತತ್ತ್ವವನ್ನು ಅವಲಂಬಿಸಿ. ಹೀಗಿರಲು, ಸರ್ವಿಸ್ ಎಂಬ ಹೆಸರಿನಲ್ಲಿ ಕಾಯಿಲ್ಲಿಗೆ ಕಟ್ಟಿದ ಸುಣ್ಣವನ್ನು ಕೆರೆದು, ಪಕ್ಕದಲ್ಲಿಯೇ ಬರಿಯ ತಂತಿಯಾಗಿ ಉಳಿದ ಸರಳನ್ನು ಹಾಗೆಯೇ ಮರಳಿ ಜೋಡಿಸುವುದು ಅರ್ಧಕ್ಕಿಂತ ಕಡಿಮೆ ಕೆಲಸವೆನ್ನಬೇಕು. ಕೊಳವೆಬಾವಿಯ ಗಡಸು ನೀರನ್ನು ಬಳಸುವ ಮನೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಈ ಸರಳನ್ನು ಹೊರತೆಗೆದು ನೋಡುವುದು ಕರ್ತವ್ಯ.

ಇಲ್ಲಿ ಹಂಡೆಯ ಪಕ್ಷಪಾತಿಗಳು ಅಡ್ಡಬರುತ್ತಾರೆ: ಅಜ್ಜನ ಕಾಲದ ತಾಮ್ರದ ಹಂಡೆಗೆ ತುಕ್ಕೆಲ್ಲಿತ್ತು, ಸರಳೆಲ್ಲಿತ್ತು ಎಂದು ಕೇಳುತ್ತಾರೆ. ತಾಮ್ರಕ್ಕೆ ಕಬ್ಬಿಣದ ತುಕ್ಕಿಲ್ಲವೆಂಬುದು ಸತ್ಯ; ಆದರೆ ಬಾಯ್ದೆರೆದ ಹಂಡೆಯ ಮೇಲೆ ಕೊಳಾಯಿಯ ನೀರಿನ ಒತ್ತಡವಿರಲಿಲ್ಲವೆಂಬುದನ್ನೂ, ಮನೆಯ ಹೆಂಗಸರು ಅದನ್ನು ಬರಿದುಮಾಡಿ ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುತ್ತಿದ್ದರೆಂಬುದನ್ನೂ ಇವರು ಮರೆಯುತ್ತಾರೆ. ಲೋಹವನ್ನು ಹೊಗಳಿ ಶ್ರಮವನ್ನು ಮರೆಯುವ ಈ ವಾದವು, ಲೇಪವನ್ನು ಹೊಗಳಿ ಸರಳನ್ನು ಮರೆಯುವ ವಾದದ ಸಹೋದರನೇ ಸರಿ. ಸುಣ್ಣದ ಪದರವೇ ಉಕ್ಕನ್ನು ಕಾಯುವುದೆನ್ನುವ ಇನ್ನೊಂದು ಪಂಥಕ್ಕೆ ಉತ್ತರ ಸುಲಭ: ಆ ಪದರವು ಎಲ್ಲೆಡೆ ಸಮನಾಗಿ ನಿಲ್ಲದು, ಬಿರಿದು ಉದುರಿ ತಳದಲ್ಲಿ ಶೇಖರವಾಗುತ್ತದೆ.

ಸೋರಿಕೆಯೆಲ್ಲವೂ ಒಂದೇ ಅಲ್ಲ. ತಣ್ಣೀರಿನ ನಲ್ಲಿಯಲ್ಲಿಯೂ ಕೆಂಪು ಬಂದರೆ ದೋಷವು ಬಾವಿಯದು ಅಥವಾ ಪೈಪಿನದು. ಬಿಸಿನೀರಿನಲ್ಲಿ ಮಾತ್ರ ಬಂದರೆ ಪಾತ್ರೆಯ ಮೇಲೆಯೇ ಶಂಕೆ. ಪೈಪಿನ ಜೋಡಣೆಯಲ್ಲಿ ಒಸರಿದರೆ ವಾಷರ್, ಟೆಫ್ಲಾನ್ ಟೇಪುಗಳು ಸಾಕು. ಕಾಯಿಲ್ಲಿನ ಬುಡದಲ್ಲಾದರೆ ಗ್ಯಾಸ್ಕೆಟ್ಟನ್ನು ಬದಲಿಸಬೇಕು. 20 ಡಿಗ್ರಿಯ ನೀರು 65 ಡಿಗ್ರಿಗೆ ಕಾಯುವಾಗ 25 ಲೀಟರಿಗೆ ಸುಮಾರು ಅರ್ಧ ಲೀಟರಿನಷ್ಟು ಹಿಗ್ಗುವುದರಿಂದ, ಕಾಯುವ ವೇಳೆಯಲ್ಲಿ ಸುರಕ್ಷಾ ವಾಲ್ವ್ ಹನಿಸುವುದು ರೋಗವಲ್ಲ; ಅದರ ಬಾಯನ್ನು ಲೇಪದಿಂದಾಗಲಿ ಬಿರಡೆಯಿಂದಾಗಲಿ ಮುಚ್ಚುವುದು ಪಾತ್ರೆ ಸಿಡಿಯಲು ಹಾದಿಮಾಡಿಕೊಟ್ಟಂತೆ. ಪಾತ್ರೆಯೇ ತೂತಾಗಿದ್ದರೆ ವಿದ್ಯುತ್ತನ್ನು ಕಡಿದು, ನೀರನ್ನು ನಿಲ್ಲಿಸಿ, ಅದನ್ನು ತೆಗೆದುಹಾಕುವುದಲ್ಲದೆ ಬೇರೆ ಚಿಕಿತ್ಸೆಯಿಲ್ಲ. ಆದಕಾರಣ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಮುಂದಿನ ಸಲ ಗೀಸರನ್ನು ಬಿಚ್ಚಿದಾಗ ಸರಳನ್ನು ಕಣ್ಣಾರೆ ನೋಡಿ, ಸವೆದಿದ್ದರೆ ಹೊಸದನ್ನು ಹಾಕಿಸಿರಿ.