‘ಸ್ವತಂತ್ರ’ ಎಂಬ ಪದದ ಬೆಲೆ: ಬಿಜು ಮ್ಯಾಥ್ಯೂ ಅವರ ‘ಟ್ಯಾಕ್ಸಿ!’

ಶ್ರಮಜೀವಿಗಳ ಹೋರಾಟವನ್ನು ಕುರಿತ ಗ್ರಂಥಗಳಲ್ಲಿ ನಾಯಕರ ಗುಣಗಾನವು ವಿಚಾರದ ಸ್ಥಾನವನ್ನು ಆಕ್ರಮಿಸುವುದುಂಟು. ನ್ಯೂಯಾರ್ಕ್ ನಗರದ ಟ್ಯಾಕ್ಸಿ ಚಾಲಕರನ್ನು ಕುರಿತು ಬಿಜು ಮ್ಯಾಥ್ಯೂ ಅವರು 2005ರಲ್ಲಿ ಪ್ರಕಟಿಸಿದ ‘ಟ್ಯಾಕ್ಸಿ!’ ಎಂಬ ಇಂಗ್ಲಿಷ್ ಗ್ರಂಥವು ಈ ದೋಷದಿಂದ ಬಹುಮಟ್ಟಿಗೆ ಮುಕ್ತವಾಗಿದೆ.

ಗ್ರಂಥದ ತಿರುಳು ಒಂದು ಪದದ ಪರೀಕ್ಷೆಯಲ್ಲಿದೆ ಎನ್ನಬಹುದು. 1937ರ ಶಾಸನವು ಟ್ಯಾಕ್ಸಿಗಳ ಪರವಾನಗಿ ಬಿಲ್ಲೆಗಳ ಸಂಖ್ಯೆಯನ್ನು ಮಿತಗೊಳಿಸಿತು, ಬಿಲ್ಲೆಯೇ ಬಂಡವಾಳವಾಯಿತು. 1979ರಲ್ಲಿ ಬಾಡಿಗೆ ಪದ್ಧತಿಗೆ ಮಾನ್ಯತೆ ದೊರೆತ ಮೇಲೆ, ಅದುವರೆಗೆ ಸಂಪಾದನೆಯಲ್ಲಿ ಪಾಲು ಪಡೆಯುತ್ತಿದ್ದ ನೌಕರನು ‘ಸ್ವತಂತ್ರ ಗುತ್ತಿಗೆದಾರ’ನಾದನು. ಪಾಳಿಯ ಬಾಡಿಗೆಯನ್ನೂ ಪೆಟ್ರೋಲಿನ ವೆಚ್ಚವನ್ನೂ ತೆತ್ತು ಉಳಿದುದಷ್ಟೇ ಅವನ ಗಳಿಕೆ. ಬೆಳೆ ಬಂದರೂ ಬಾರದಿದ್ದರೂ ಗೇಣಿ ಅಳೆಯಬೇಕಾಗಿದ್ದ ಒಕ್ಕಲಿನ ಪಾಡನ್ನು ಬಲ್ಲವರಿಗೆ ಈ ‘ಸ್ವಾತಂತ್ರ್ಯ’ದ ಅರ್ಥವು ಬೇಗನೆ ಹೊಳೆಯುತ್ತದೆ.

ನೌಕರರೇ ಅಲ್ಲದವರು ಸಂಘ ಕಟ್ಟುವುದೆಂತು? 1998ರ ಮೇ 13ರಂದು, ಮೇಯರ್ ಜೂಲಿಯಾನಿ ಅವರ ಕಠಿಣ ನಿಯಮಗಳನ್ನು ವಿರೋಧಿಸಿ ಸಾವಿರಾರು ಚಾಲಕರು ವಾಹನಗಳನ್ನು ನಿಲ್ಲಿಸಿದುದೇ ಇದಕ್ಕೆ ಉತ್ತರ. ಅದೇ ವರ್ಷ ರೂಪುಗೊಂಡ ನ್ಯೂಯಾರ್ಕ್ ಟ್ಯಾಕ್ಸಿ ವರ್ಕರ್ಸ್ ಅಲಯನ್ಸ್‌ನ ನಾಯಕಿ ಭೈರವಿ ದೇಸಾಯಿ ಅವರು ಗುಜರಾತಿನಲ್ಲಿ ಜನಿಸಿ ಬಾಲ್ಯದಲ್ಲಿಯೇ ಅಮೆರಿಕವನ್ನು ಸೇರಿದವರು, ಸ್ವತಃ ಚಾಲಕಿಯಲ್ಲ. ಕಾರ್ಖಾನೆಯ ಬಾಗಿಲೇ ಇಲ್ಲದ ಈ ಉದ್ಯೋಗದಲ್ಲಿ ಗ್ಯಾರೇಜು, ವಿಮಾನ ನಿಲ್ದಾಣದ ಸರದಿ, ಊಟದ ಅಂಗಡಿಗಳೇ ಸಭಾಸ್ಥಾನಗಳಾದವು.

ಗ್ರಂಥಕರ್ತರು ಆ ಸಂಘಟನೆಯ ಕಾರ್ಯಕರ್ತರೇ ಆದುದರಿಂದ ಇಲ್ಲಿ ತಾಟಸ್ಥ್ಯವನ್ನು ಅರಸುವುದು ಉಚಿತವಲ್ಲ. ಪಕ್ಷ ವಹಿಸಿದುದು ಕೊರತೆಯಲ್ಲ; ಕೊರತೆ ಬೇರೆಡೆ ಇದೆ. ಮೇಲ್ವಿಚಾರಕನ ಕಣ್ಣಿಲ್ಲದೆ ದುಡಿಯುವ ಆಸೆ ಚಾಲಕನಲ್ಲಿಯೂ ಇರುತ್ತದೆ. ‘ಸ್ವತಂತ್ರ’ ಎಂಬ ಪದವು ಅವನನ್ನು ವಂಚಿಸುವುದು ಮಾತ್ರವಲ್ಲ, ಆಕರ್ಷಿಸುತ್ತದೆ ಕೂಡ. ಈ ವಿವೇಚನೆಗೆ ಗ್ರಂಥದಲ್ಲಿ ಇನ್ನಷ್ಟು ಅವಕಾಶ ದೊರೆಯಬೇಕಾಗಿತ್ತು.

ಅನಂತರದ ಘಟನೆಗಳು ಇದರ ಮಹತ್ವವನ್ನು ತೋರಿಸಿವೆ. ಸ್ವಂತ ಬಿಲ್ಲೆಯ ಆಸೆಯಿಂದ ಅನೇಕ ವಲಸಿಗ ಚಾಲಕರು ಸಾಲ ಮಾಡಿದರು. 2014ರ ವೇಳೆಗೆ ಬಿಲ್ಲೆಯ ಬೆಲೆ ಹತ್ತು ಲಕ್ಷ ಡಾಲರನ್ನು ದಾಟಿತು. ವಿವೇಚನೆಯಿಲ್ಲದ ಸಾಲ ನೀಡಿಕೆ ಹಾಗೂ ಊಬರ್ ಮೊದಲಾದ ಕಂಪನಿಗಳ ಪೈಪೋಟಿಯಿಂದ ಆ ಕಟ್ಟಡವು ಕುಸಿಯಿತು. ‘ಗುತ್ತಿಗೆದಾರ’ನಂತೆ ‘ಮಾಲೀಕ’ನೂ ಹೆಸರಿಗಷ್ಟೇ ಉಳಿದನು. 2021ರಲ್ಲಿ ಹದಿನೈದು ದಿನಗಳ ಉಪವಾಸ ಸತ್ಯಾಗ್ರಹದ ಬಳಿಕ, ಸಾಲವನ್ನು 1,70,000 ಡಾಲರಿಗೆ ಮಿತಗೊಳಿಸಿ ನಗರವು ಅದಕ್ಕೆ ಜಾಮೀನು ನಿಲ್ಲಲು ಒಪ್ಪಿತು.

2005ರ ಗ್ರಂಥವು ಇದನ್ನು ಮುಂಗಾಣಬೇಕಾಗಿತ್ತೆನ್ನುವುದು ಅನ್ಯಾಯ. ಆದರೆ ಅದು ತೋರಿದ ಮಾರ್ಗವು ಇಲ್ಲಿಯೂ ಸಲ್ಲುತ್ತದೆ: ದುಡಿಯುವವನಿಗೆ ಶಾಸನವು ಯಾವ ಹೆಸರನ್ನಿತ್ತಿದೆ ಎಂಬುದನ್ನಲ್ಲ, ನಷ್ಟವು ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ಮೊದಲು ಕೇಳಬೇಕು. ಈ ಪ್ರಶ್ನೆಗಾಗಿ ‘ಟ್ಯಾಕ್ಸಿ!’ ಇಂದಿಗೂ ಪಠನೀಯವಾಗಿದೆ.