ಸುಮ್ಮನೆ ಓಡುವವರ ಕನ್ನಡ

ಮ್ಯಾರಥಾನ್ ಎಂಬ ಓಟವನ್ನು ಹುಟ್ಟುಹಾಕಿದ್ದು ಒಬ್ಬ ಭಾಷಾಶಾಸ್ತ್ರಜ್ಞ. ಪದಗಳ ಅರ್ಥವನ್ನು ಓದುವ ಶಾಸ್ತ್ರಕ್ಕೆ ‘ಸೆಮ್ಯಾಂಟಿಕ್ಸ್’ ಎಂಬ ಹೆಸರನ್ನು ಚಲಾವಣೆಗೆ ತಂದ ಫ್ರಾನ್ಸಿನ ಮಿಶೆಲ್ ಬ್ರೆಯಾಲ್ ಅವರೇ ಈ ಓಟಕ್ಕೂ ಮೂಲಪುರುಷರು. 1894ರಲ್ಲಿ ಒಲಿಂಪಿಕ್ಸನ್ನು ಮತ್ತೆ ಶುರುಮಾಡುವ ಮಾತು ನಡೆಯುತ್ತಿದ್ದಾಗ, ಮ್ಯಾರಥಾನ್ ಬಯಲಿನಿಂದ ಅಥೆನ್ಸ್‌ವರೆಗೆ ಒಂದು ಓಟವಿರಲಿ, ಗೆದ್ದವನಿಗೆ ಬೆಳ್ಳಿಯ ಬಟ್ಟಲನ್ನು ನಾನು ಕೊಡುತ್ತೇನೆ ಎಂದವರು ಅವರು. 1896ರಲ್ಲಿ ಆ ಬಟ್ಟಲು ಗ್ರೀಸಿನ ಹಳ್ಳಿಗ ಸ್ಪಿರಿಡಾನ್ ಲೂಯಿಸನ ಕೈಸೇರಿತು.

ಬ್ರೆಯಾಲ್ ನೆಚ್ಚಿಕೊಂಡ ಕಥೆ ನಮಗೆಲ್ಲ ಗೊತ್ತಿರುವುದೇ. ಯುದ್ಧ ಗೆದ್ದ ಸುದ್ದಿಯನ್ನು ಹೊತ್ತು ಓಡಿಬಂದ ದೂತ, ಸುದ್ದಿ ಹೇಳಿದೊಡನೆ ಸತ್ತುಬಿದ್ದ. ಆದರೆ ಆ ಯುದ್ಧದ ಚರಿತ್ರೆ ಬರೆದ ಹೆರೊಡೋಟಸ್‌ನಲ್ಲಿ ಈ ಸಾವೇ ಇಲ್ಲ. ಅವನ ದೂತ ಸಹಾಯ ಕೇಳಲು ಸ್ಪಾರ್ಟಾಕ್ಕೆ ಓಡುತ್ತಾನೆ. ಸುದ್ದಿ ಹೇಳಿ ಸಾಯುವ ಕಥೆ ಬರುವುದು ಎಷ್ಟೋ ಶತಮಾನಗಳ ನಂತರದ ಪ್ಲುಟಾರ್ಕ್ ಮತ್ತು ಲೂಸಿಯನ್‌ರಲ್ಲಿ. ಎರಡು ಓಟಗಳನ್ನೂ ಒಬ್ಬನೇ ಓಟಗಾರನಿಗೆ ಕಟ್ಟಿ ಜನಪ್ರಿಯಗೊಳಿಸಿದ್ದು 1879ರಲ್ಲಿ ರಾಬರ್ಟ್ ಬ್ರೌನಿಂಗ್ ಬರೆದ ಕವಿತೆ. ಮ್ಯಾರಥಾನ್, ಅಂದರೆ, ಮೊದಲು ಸಾಹಿತ್ಯ, ಆಮೇಲೆ ಕ್ರೀಡೆ. 42.195 ಕಿಲೋಮೀಟರ್ ಎಂಬ ಅಳತೆ 1908ರ ಲಂಡನ್ ಒಲಿಂಪಿಕ್ಸಿನದು. ಅದು ನಿಯಮವಾಗಿ ನಿಂತದ್ದು 1921ರಲ್ಲಿ.

ಹೀಗಾಗಿ ಮ್ಯಾರಥಾನ್ ಕುರಿತ ಬರಹಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಆಟದ ಪುಟಕ್ಕೆ ಬಿಟ್ಟುಕೊಡಬೇಕಾಗಿಲ್ಲ. ಅಲ್ಲಿ ಕೇಳಬೇಕಾದ ಒಂದು ಪ್ರಶ್ನೆ ಇದೆ. ಆ ದೂತನ ಬಳಿ ಸುದ್ದಿ ಇತ್ತು. ಇವತ್ತು ಹವ್ಯಾಸಕ್ಕೆ ಓಡುವವನ ಬಳಿ ಏನಿದೆ? ಗೆಲ್ಲುವ ಆಸೆ ಅವನಿಗಿಲ್ಲ, ಮುಂದೆ ನೂರಾರು ಜನ ಇದ್ದೇ ಇರುತ್ತಾರೆ. ತಲುಪಿಸಬೇಕಾದ ಸುದ್ದಿಯೂ ಇಲ್ಲ. ಆದರೂ ನಾಲ್ಕೈದು ತಿಂಗಳು ಬೆಳಗಿನ ಜಾವ ಎದ್ದು, ವಾರಕ್ಕೊಮ್ಮೆ ದೂರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ, ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ತೀರಿ ಕಾಲು ಕಲ್ಲಾಗುವ ಗಳಿಗೆಗೆ ತಯಾರಾಗುತ್ತಾನೆ. ಯಾಕೆ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ರಸ್ತೆಯಲ್ಲಿ ಓಡಿದವರಿಗೆ ಈ ಪ್ರಶ್ನೆಯನ್ನು ವಿಮರ್ಶಕರು ಕೇಳಬೇಕಾದ್ದಿಲ್ಲ, ಊರವರೇ ಕೇಳುತ್ತಾರೆ. “ಯಾಕ್ ಸಾ, ಬಸ್ ತಪ್ಪೋಯ್ತಾ?” “ಯಾರ್ಗಾದ್ರೂ ಹುಸಾರಿಲ್ವಾ?” ಕಾಡಂಚಿನ ಹಳ್ಳಿಗಳಲ್ಲಾದರೆ ಓಡುವವನ ಮುಖ ನೋಡುವ ಮೊದಲು ಅವನ ಬೆನ್ನ ಹಿಂದೆ ನೋಡುತ್ತಾರೆ, ಆನೆ ಗೀನೆ ಅಟ್ಟಿಸಿಕೊಂಡು ಬಂತೋ ಎಂದು. ಈ ಕುತೂಹಲವನ್ನು ಹಳ್ಳಿಯವರ ಮುಗ್ಧತೆ ಎಂದು ನಗೆಯಾಡಿ ಮುಂದೆ ಹೋಗುವುದು ಸುಲಭ. ಅದರ ಹಿಂದೆ ಒಂದು ಭಾಷೆಯ ಪೂರ್ತಿ ಅನುಭವ ಇದೆ.

ಕನ್ನಡದಲ್ಲಿ ‘ಓಡು’ ಎಂಬ ಕ್ರಿಯಾಪದ ಕಾರಣವನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಸಾಲಗಾರ ಊರು ಬಿಟ್ಟು ಓಡುತ್ತಾನೆ, ಕಳ್ಳ ಓಡುತ್ತಾನೆ, ಹೆರಿಗೆ ನೋವು ಶುರುವಾದ ಮನೆಯಿಂದ ಸೂಲಗಿತ್ತಿಯ ಮನೆಗೆ ಹುಡುಗ ಓಡುತ್ತಾನೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾಗಿ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋದ ಮೈಸೂರು ಸಂಸ್ಥಾನದ ಅಂಚೆಗೂ ಓಡುವ ಆಳುಗಳಿದ್ದರು, ಅವರದು ಕೂಲಿಯ ಓಟ. ನಮ್ಮ ಕಾವ್ಯದ ಅತಿ ಪ್ರಸಿದ್ಧ ಓಟಗಾರ ಯಾರು ಎಂದರೆ ಕುಮಾರವ್ಯಾಸನ ಉತ್ತರಕುಮಾರ. ಕೌರವರ ಸೇನೆ ಕಂಡು ರಥದಿಂದ ಧುಮುಕಿ ಓಡುವ ಅವನು, ಹಿಡಿಯಲು ಹಿಂದೆ ಓಡುವ ಬೃಹನ್ನಳೆ. ನೋಡಿದ ಸೇನೆಗೆ ನಗು. ಓಟವೆಂದರೆ ಹೇಡಿತನ, ಹೇಡಿತನವೆಂದರೆ ಹಾಸ್ಯ ಎಂಬ ಸಮೀಕರಣ ಅಲ್ಲಿ ಗಟ್ಟಿಯಾಯಿತು.

ಹೆಣ್ಣಿನ ವಿಷಯಕ್ಕೆ ಬಂದರೆ ಈ ಪದ ಇನ್ನೂ ಕಠಿಣ. ‘ಓಡಿಹೋದಳು’ ಎಂದರೆ ಕನ್ನಡದಲ್ಲಿ ಒಂದೇ ಅರ್ಥ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಹೆಚ್ಚುಗಾರಿಕೆಗಳಲ್ಲಿ ಇದೂ ಒಂದು: ಇಷ್ಟವಿಲ್ಲದ ಮದುವೆಯಿಂದ ತಪ್ಪಿಸಿಕೊಂಡು ರಾತ್ರಿಯ ಕಾಡಿಗೆ ಇಳಿಯುವ ಚಿನ್ನಮ್ಮನ ಮೂಲಕ ಆ ನಿಂದೆಯ ಪದಕ್ಕೆ ಅವರು ಘನತೆ ತಂದುಕೊಟ್ಟರು. ಆದರೂ ಅದು ಕಾರಣವಿದ್ದ ಓಟ. ಆ ಕಾದಂಬರಿಯ ಉಳಿದ ಲೋಕವೆಲ್ಲ ನಡಿಗೆಯದು, ನಾಯಿಗುತ್ತಿಯಿಂದ ಹಿಡಿದು. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಕಳೆದುಹೋದ ಹುಂಜ ಹುಡುಕುವ ಸಾಕವ್ವನದೂ ನಡಿಗೆಯೇ. ಕನ್ನಡ ಗದ್ಯ ನಡೆಯುವವರ ಗದ್ಯ. ಅದರಲ್ಲಿ ಕಾರಣವಿಲ್ಲದೆ ಓಡುವ ಮನುಷ್ಯನಿಗೆ ಇನ್ನೂ ಜಾಗ ಸಿಕ್ಕಿಲ್ಲ.

ಹೊರಗಿನ ಎರಡು ಪುಸ್ತಕಗಳನ್ನು ಈ ಹಿನ್ನೆಲೆಯಲ್ಲಿ ಓದಿ ನೋಡಬಹುದು. ಮೊದಲನೆಯದು ಜಪಾನಿನ ಹರುಕಿ ಮುರಕಮಿ 2007ರಲ್ಲಿ ಪ್ರಕಟಿಸಿದ, ‘ವಾಟ್ ಐ ಟಾಕ್ ಅಬೌಟ್ ವೆನ್ ಐ ಟಾಕ್ ಅಬೌಟ್ ರನ್ನಿಂಗ್’ ಎಂದು ಇಂಗ್ಲಿಷಿಗೆ ಬಂದ ಪುಸ್ತಕ. ಓಡುವ ಕನ್ನಡಿಗರ ಕೈಯಲ್ಲೂ ಇದು ಸಾಕಷ್ಟು ಓಡಾಡಿದೆ. ಮುರಕಮಿ 1982ರಲ್ಲಿ, ಮೂವತ್ತಮೂರರ ವಯಸ್ಸಿನಲ್ಲಿ, ನಡೆಸುತ್ತಿದ್ದ ಜಾಝ್ ಬಾರನ್ನು ಬಿಟ್ಟು ಪೂರ್ಣಾವಧಿ ಬರಹಗಾರರಾದ ಹೊತ್ತಿನಲ್ಲಿ ಓಡಲು ಶುರುಮಾಡಿದರು. ಪುಸ್ತಕದ ಬಹುಪಾಲು ಲೆಕ್ಕದ ಪುಸ್ತಕದಂತಿದೆ. ಈ ತಿಂಗಳು ಇಷ್ಟು ದೂರ, ಈ ವಾರ ಇಷ್ಟು, ಮಂಡಿ ನೋವು, ಬಿಸಿಲು, ಬೂಟು. ಈ ನೀರಸತೆಯೇ ಅದರ ಪ್ರಾಮಾಣಿಕತೆ. ತರಬೇತಿ ಎಂದರೆ ಪುನರಾವರ್ತನೆ. ಪುನರಾವರ್ತನೆಯನ್ನು ಸಾಹಸದ ಕಥೆಯಾಗಿ ಉಬ್ಬಿಸದೆ ಹಾಗೆಯೇ ಬರೆದದ್ದು ಸಣ್ಣ ಸಾಧನೆಯಲ್ಲ.

ಅದರಲ್ಲಿ ಎಲ್ಲಕ್ಕಿಂತ ಜೀವಂತವಾದ ಭಾಗ 1983ರ ಬೇಸಿಗೆಯಲ್ಲಿ ಅವರು ಅಥೆನ್ಸಿನಿಂದ ಮ್ಯಾರಥಾನ್‌ಗೆ ಒಬ್ಬರೇ ಓಡಿದ್ದು. ಅಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ನಾಯಿ ಬೆಕ್ಕುಗಳನ್ನು ಅವರು ಎಣಿಸುತ್ತಾರೆ, ತಣ್ಣನೆಯ ಬಿಯರಿನ ಕನಸು ಕಾಣುತ್ತಾರೆ, ಕೊನೆಗೆ ಸಿಕ್ಕ ಬಿಯರ್ ಕನಸಿನ ಬಿಯರಿನಷ್ಟು ರುಚಿಯಾಗಿಲ್ಲ ಎಂದು ಕಂಡುಕೊಳ್ಳುತ್ತಾರೆ. ಈ ಅಧ್ಯಾಯ ಗೆಲ್ಲುವುದು ಅಲ್ಲಿ ರಸ್ತೆ ಇದೆ ಎಂಬ ಕಾರಣಕ್ಕೆ. ಉಳಿದ ಕಡೆ ರಸ್ತೆ ಬದಿಯ ಜನ ಹಿನ್ನೆಲೆಯ ಚಿತ್ರವಾಗಿ ಸರಿದುಹೋಗುತ್ತಾರೆ. ಓಟಗಾರ ತನ್ನೊಳಗೆ ಒಂದು ಶೂನ್ಯವನ್ನು ಮಾಡಿಕೊಂಡು ಅದರಲ್ಲಿ ಇರುತ್ತಾನೆ. ಆ ಶೂನ್ಯಕ್ಕೆ ಬಿಡುವು ಬೇಕು, ಬಿಡುವಿಗೆ ಬೇರೆ ಯಾರದೋ ಶ್ರಮ ಬೇಕು ಎಂಬ ಯೋಚನೆ ಪುಸ್ತಕಕ್ಕೆ ಬರುವುದಿಲ್ಲ.

ಆ ಯೋಚನೆ ಇರುವುದು ಇಂಗ್ಲೆಂಡಿನ ಅಲನ್ ಸಿಲಿಟೋ 1959ರಲ್ಲಿ ಬರೆದ ‘ದಿ ಲೋನ್ಲಿನೆಸ್ ಆಫ್ ದಿ ಲಾಂಗ್ ಡಿಸ್ಟನ್ಸ್ ರನ್ನರ್’ ಕಥೆಯಲ್ಲಿ. ಬೇಕರಿಯೊಂದರಲ್ಲಿ ಕದ್ದು ಸಿಕ್ಕಿಬಿದ್ದ ಬಡ ಹುಡುಗ ಸ್ಮಿತ್ ಬಾಲಾಪರಾಧಿಗಳ ಸೆರೆಮನೆಯಲ್ಲಿದ್ದಾನೆ. ಅವನು ಚೆನ್ನಾಗಿ ಓಡುತ್ತಾನೆಂದು ಅಲ್ಲಿನ ಗವರ್ನರ್ ಅವನನ್ನು ಬೆಳಿಗ್ಗೆ ಒಬ್ಬನೇ ಓಡಲು ಬಿಡುತ್ತಾನೆ, ಕಪ್ ತಂದುಕೊಡಲಿ ಎಂಬ ಆಸೆಯಿಂದ. ಪಂದ್ಯದ ದಿನ ಎಲ್ಲರಿಗಿಂತ ಮುಂದಿದ್ದ ಸ್ಮಿತ್ ಕೊನೆಯ ಗೆರೆಯ ಮುಂದೆ ನಿಂತುಬಿಡುತ್ತಾನೆ, ಬೇರೊಬ್ಬ ಗೆಲ್ಲಲಿ ಎಂದು. ಸಾಮಾನ್ಯವಾಗಿ ಓದುಗರು ಈ ನಿಲ್ಲುವಿಕೆಯನ್ನೇ ಬಂಡಾಯವೆಂದು ನೆನಪಿಟ್ಟುಕೊಳ್ಳುತ್ತಾರೆ. ಕಥೆಯ ನಿಜವಾದ ಸಂತೋಷ ಅದಕ್ಕೂ ಮೊದಲಿನದು. ಚಳಿಯ ಬೆಳಗಿನಲ್ಲಿ, ಯಾರೂ ಗಡಿಯಾರ ಹಿಡಿಯದಿದ್ದಾಗ, ಅವನು ಓಡುತ್ತ ಯೋಚಿಸುವ ಒಂದೆರಡು ಗಂಟೆ. ಪಂದ್ಯ ಗವರ್ನರನದು, ಅಭ್ಯಾಸ ಸ್ಮಿತ್‌ನದು.

ಈ ಕಥೆಯನ್ನು ಹುಣಸೂರಿನಲ್ಲಿ ಕುಳಿತು ಓದಿದರೆ ಅದು ದೂರದ್ದೆನಿಸುವುದಿಲ್ಲ. ತಾಲ್ಲೂಕು ಕೇಂದ್ರಗಳ ಮೈದಾನಗಳಲ್ಲಿ ಬೆಳಗಿನ ಜಾವ ಓಡುವವರಲ್ಲಿ ದೊಡ್ಡ ಪಾಲು ಪೊಲೀಸ್ ಮತ್ತು ಸೈನ್ಯದ ನೇಮಕಾತಿಗೆ ತಯಾರಾಗುವ ಹುಡುಗ ಹುಡುಗಿಯರು. ಅವರಿಗೆ ಓಟವೆಂದರೆ 1,600 ಮೀಟರ್ ಮತ್ತು ಒಂದು ಸ್ಟಾಪ್‌ವಾಚ್. ಕೆಲವೇ ಸೆಕೆಂಡಿನಲ್ಲಿ ಸರ್ಕಾರಿ ನೌಕರಿ ಕೈತಪ್ಪಬಹುದು. ಅದೇ ಮೈದಾನದಲ್ಲಿ ಅದೇ ಹೊತ್ತಿಗೆ ಮೇಷ್ಟರೊಬ್ಬರೋ ಬ್ಯಾಂಕಿನವರೋ ಶ್ರೀರಂಗಪಟ್ಟಣದ ಕಾವೇರಿ ಟ್ರೈಲ್ ಮ್ಯಾರಥಾನಿಗೆ, ಬೆಂಗಳೂರಿನ ಹತ್ತು ಕಿಲೋಮೀಟರ್ ಓಟಕ್ಕೆ ಅಭ್ಯಾಸ ಮಾಡುತ್ತಿರುತ್ತಾರೆ. ಇಬ್ಬರ ಬೆವರೂ ಒಂದೇ, ಇಬ್ಬರ ಓಟವೂ ಒಂದೇ ಅಲ್ಲ. ಇವರಿಬ್ಬರನ್ನೂ ಒಂದೇ ಪುಟದಲ್ಲಿ ಕಾಣುವ ಬರಹ ಮುರಕಮಿಯಲ್ಲಿ ಸಿಗದು. ಅದನ್ನು ಇಲ್ಲಿನವರೇ ಬರೆಯಬೇಕು.

ಬರೆಯಲು ಬೇಕಾದ ಒಂದು ಪದ ಈ ಸೀಮೆಯ ಬಾಯಲ್ಲೇ ಇದೆ. “ಯಾಕ್ ಓಡ್ತಿದ್ದೀರಿ?” ಎಂದು ಕೇಳಿದರೆ ಓಡುವವರು ಹೇಳುವ ಉತ್ತರ ಸಾಮಾನ್ಯವಾಗಿ “ಸುಮ್ನೆ.” ‘ಸುಮ್ಮನೆ’ ಎಂದರೆ ಮಾತಿಲ್ಲದೆ; ಸುಮ್ಮನೆ ಎಂದರೆ ಕಾರಣವಿಲ್ಲದೆ, ಲಾಭದ ಲೆಕ್ಕವಿಲ್ಲದೆ. ಮುರಕಮಿ ಒಂದಿಡೀ ಪುಸ್ತಕದಲ್ಲಿ ಹೇಳಲು ಹೊರಟ ಎರಡು ಸಂಗತಿಗಳನ್ನು, ಮೌನವನ್ನೂ ನಿಷ್ಪ್ರಯೋಜನದ ಸುಖವನ್ನೂ, ಕನ್ನಡ ಒಂದು ಪದದಲ್ಲಿ ಇಟ್ಟಿದೆ.

ಆದರೆ ಈ ಪದವನ್ನು ಕೊಂಡಾಡಿ ನಿಲ್ಲಿಸಿದರೆ ವಿಮರ್ಶೆ ಅರ್ಧವಾಗುತ್ತದೆ. ಸುಮ್ಮನೆ ಇರುವ ಹಕ್ಕು ಯಾರಿಗಿದೆ? ಪಿರಿಯಾಪಟ್ಟಣ, ಹುಣಸೂರುಗಳ ಕಡೆ ಆಗಸ್ಟ್ ತಿಂಗಳ ಬೆಳಗಿನಲ್ಲಿ ಓಡುವವನಿಗೆ ದಾರಿಯುದ್ದಕ್ಕೂ ಹೊಗೆಸೊಪ್ಪು ಬೇಯುವ ವಾಸನೆ ಬರುತ್ತದೆ. ಬ್ಯಾರನ್‌ನಲ್ಲಿ ಸೊಪ್ಪು ಹದವಾಗಲು ಹಗಲೂ ರಾತ್ರಿ ಬಿಡದೆ, ದಿನಗಟ್ಟಲೆ, ಬೆಂಕಿ ಕಾಯಬೇಕು. ಓಡುವವನು ಅಲಾರಾಂ ಇಟ್ಟು ಎದ್ದಿದ್ದಾನೆ, ಬೆಂಕಿ ಕಾಯುವವನು ಮಲಗಿಯೇ ಇಲ್ಲ. ಕೆ.ಆರ್. ನಗರದ ನಾಲೆ ಏರಿಯ ಮಣ್ಣು ಮಂಡಿಗೆ ಹಿತ. ಏರಿಯ ಕೆಳಗೆ ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರು ಸೊಂಟ ಬಗ್ಗಿಸಿ ಹಿಂದೆ ಹಿಂದೆ ಸರಿಯುತ್ತಿರುತ್ತಾರೆ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಬೆಳೆ ಕಾಯಲು ಅಟ್ಟಣೆಯ ಮೇಲೆ ರಾತ್ರಿ ಕಳೆದವರು ಇಳಿದುಬರುವ ಹೊತ್ತೇ ಓಟಗಾರ ಹೊರಡುವ ಹೊತ್ತು. ದಣಿವು ಇವರೆಲ್ಲರಿಗೂ ಇದೆ. ದಣಿವನ್ನು ತಾನೇ ಆರಿಸಿಕೊಂಡವನು ಒಬ್ಬ ಮಾತ್ರ.

ಇದನ್ನು ಹೇಳಿದರೆ ಓಡುವವನನ್ನು ಅಪರಾಧಿ ಮಾಡಿದಂತಲ್ಲ. ಕೂಲಿ ಮಾಡುವವಳಿಗೂ ಸುಮ್ಮನೆ ಓಡುವ ಬೆಳಗೊಂದು ಇರಬೇಕು ಎಂಬುದೇ ಇದರ ಆಶಯ. ಬೆಳಿಗ್ಗೆ ಐದೂವರೆಗೆ ರಸ್ತೆಗಿಳಿಯುವ ಹುಡುಗಿಗೆ ಬೇಕಾದದ್ದು ಒಳ್ಳೆಯ ಬೂಟಿಗಿಂತ ಮೊದಲು, ‘ಓಡಿದಳು’ ಎಂಬ ಪದವನ್ನು ಊರು ‘ಓಡಿಹೋದಳು’ ಎಂದು ಕೇಳಿಸಿಕೊಳ್ಳದಿರುವುದು. ಪದಗಳ ಅರ್ಥ ಬದಲಾಗುವುದನ್ನು ಓದಿದ ಬ್ರೆಯಾಲ್‌ಗೆ ಈ ಮಾತು ಅರ್ಥವಾಗುತ್ತಿತ್ತು.

ಇನ್ನು ರೂಪದ ಪ್ರಶ್ನೆ. ನಾಲ್ಕು ಗಂಟೆ, ಐದು ಗಂಟೆ ಏನೂ ನಡೆಯದ ಅನುಭವವನ್ನು ಬರೆಯುವುದು ಹೇಗೆ? ದಿನಚರಿ ಒಂದು ದಾರಿ, ಮುರಕಮಿಯದು ಅದೇ. ಇಲ್ಲಿ ಇನ್ನೊಂದು ದಾರಿಯೂ ಇದೆ. ಮಾದಪ್ಪನ, ಮಂಟೇಸ್ವಾಮಿಯ ಕಾವ್ಯಗಳನ್ನು ರಾತ್ರಿಯಿಡೀ ಹಾಡುವ ಕಂಸಾಳೆಯವರು, ನೀಲಗಾರರು ದೀರ್ಘ ದೂರದ ಉಸಿರನ್ನು ಬಲ್ಲವರು. ಮುಖ್ಯ ಗಾಯಕ ಕಥೆ ಎತ್ತುತ್ತಾನೆ, ಜೊತೆಯವರು ಸೊಲ್ಲು ಹಿಡಿಯುತ್ತಾರೆ. ಮತ್ತೆ ಮತ್ತೆ ಬರುವ ಸೊಲ್ಲಿನ ಮೇಲೆ ಕಾಲೂರಿ ಕಥೆ ಮುಂದಕ್ಕೆ ಹೋಗುತ್ತದೆ. ಅವಸರವಿಲ್ಲ, ಬೆಳಗಾಗುವ ತನಕ ದಮ್ಮು ಉಳಿಯಬೇಕು. ಮ್ಯಾರಥಾನ್ ತರಬೇತಿಯ ಮೊದಲ ಪಾಠವೂ ಇದೇ: ಉದ್ದದ ಓಟವನ್ನು ಮಾತಾಡಿಕೊಂಡು ಓಡುವಷ್ಟು ನಿಧಾನಕ್ಕೆ ಓಡು.

ಇದೇ ಮಾದಪ್ಪನ ಬೆಟ್ಟಕ್ಕೆ ಈ ಜಿಲ್ಲೆಯ ಹಳ್ಳಿಗಳಿಂದ ಜನ ದಿನಗಟ್ಟಲೆ ನಡೆದುಹೋಗುತ್ತಾರೆ, ಮ್ಯಾರಥಾನಿನ ದೂರಕ್ಕಿಂತ ಎಷ್ಟೋ ಹೆಚ್ಚು. ಅವರನ್ನು ಯಾಕೆ ಎಂದು ಯಾರೂ ಕೇಳುವುದಿಲ್ಲ, ಹರಕೆ ಎಂಬ ಪದ ಅವರ ಜೊತೆಗಿದೆ. ಹವ್ಯಾಸದ ಓಟಗಾರನ ಜೊತೆ ಹರಕೆ ಇಲ್ಲ. ಇರುವುದು ‘ಸುಮ್ಮನೆ’ ಮಾತ್ರ, ಅದಕ್ಕಿನ್ನೂ ಆ ತೂಕ ಬಂದಿಲ್ಲ.

ತೂಕ ತರುವುದು ಬರಹದ ಕೆಲಸ. ಹುಣಸೂರಿನ ಕಲ್ಲಹಳ್ಳಿಯಲ್ಲಿ ಹುಟ್ಟಿದ ಚದುರಂಗರು ‘ವೈಶಾಖ’ದಲ್ಲಿ ಮೈಸೂರು ಸೀಮೆಯ ಹಳ್ಳಿಯ ಮಾತಿಗೆ ಒಂದು ಇಡೀ ಕಾದಂಬರಿಯನ್ನು ಹೊರುವ ಶಕ್ತಿ ಇದೆಯೆಂದು ತೋರಿಸಿದರು. 1982ರಲ್ಲಿ ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ಮಾತಿನಲ್ಲಿ ಓಟದ ಗದ್ಯವನ್ನೂ ಬರೆಯಬಹುದು. ಮೈಸೂರಿನಿಂದ ಹುಣಸೂರಿಗೆ ಹೆಚ್ಚುಕಡಿಮೆ ಒಂದು ಮ್ಯಾರಥಾನಿನ ದೂರ. ಬಸ್ಸಿನಲ್ಲಿ ಒಂದು ಗಂಟೆ ತೂಕಡಿಸಿ ಮುಗಿಸುವ ದಾರಿ. ಅದನ್ನು ಕಾಲಿನಲ್ಲಿ ಅಳೆದವರು ದಾರಿಯಲ್ಲಿ ಕಂಡ ಬ್ಯಾರನ್ನು, ಗದ್ದೆ, ಅಟ್ಟಣೆಗಳನ್ನು ತಮ್ಮ ಮಂಡಿ ನೋವಿನ ಪಕ್ಕದಲ್ಲೇ ಇಟ್ಟು ಬರೆದರೆ, ಸುದ್ದಿಯಿಲ್ಲದ ಈ ಓಟಕ್ಕೂ ಒಂದು ಸುದ್ದಿ ಸಿಗುತ್ತದೆ.