ಹಿಡಿದ ಮೊಲಕ್ಕೆ ಎಷ್ಟು ಕಾಲು?

ಇನ್‌ಸ್ಟಾಗ್ರಾಮ್‌ನಲ್ಲಿ ಮೊಲದ ರೀಲ್ಸ್ ನೋಡೋರಿಗೆ ಈ ದೃಶ್ಯ ಹೊಸದಲ್ಲ. ಯಾರೋ ಒಬ್ಬರು ಮೊಲವನ್ನು ಕೂಸಿನ ಹಾಗೆ ತೋಳಿನಲ್ಲಿ ಅಂಗಾತ ಮಲಗಿಸಿಕೊಂಡಿರ್ತಾರೆ. ಅದು ನಾಲ್ಕೂ ಕಾಲು ಮೇಲೆ ಮಾಡಿ, ಮಿಸುಕಾಡದೆ ಬಿದ್ದಿರುತ್ತೆ. ಹಿಂದೆ ತಣ್ಣನೆಯ ಸಂಗೀತ, ಕೆಳಗೆ ‘ಎಷ್ಟು ರಿಲ್ಯಾಕ್ಸ್ ಆಗಿದೆ ನೋಡಿ’ ಅನ್ನೋ ಕಮೆಂಟುಗಳು. ಆ ಮೊಲ ರಿಲ್ಯಾಕ್ಸ್ ಆಗಿಲ್ಲ. ಬೇಟೆಪ್ರಾಣಿಯ ಹಿಡಿತಕ್ಕೆ ಸಿಕ್ಕ ಮೊಲ ಕೊನೆಯ ಉಪಾಯ ಅಂತ ಸತ್ತ ಹಾಗೆ ಬಿದ್ದುಕೊಳ್ಳುತ್ತಲ್ಲ, ಅದೇ ಇದು. ನಮಗೆ ಮುದ್ದು ಅನ್ನಿಸೋದು ಅದಕ್ಕೆ ಸಾವಿನ ತಾಲೀಮು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಗಾದೆ ಇದೆ. ಹಟಮಾರಿ ಮನುಷ್ಯನನ್ನು ಆಡಿಕೊಳ್ಳೋ ಗಾದೆ ಅದು. ಆದರೆ ಮೊಲದ ಕಡೆಯಿಂದ ಯೋಚಿಸಿದರೆ, ನಾವು ಹೇಳಿಕೊಂಡು ಬಂದ ಮೊಲದ ಕಥೆಗಳಿಗೆಲ್ಲ ಮೂರೇ ಕಾಲು. ಬೌದ್ಧರ ಜಾತಕ ಕಥೆಯೊಂದರಲ್ಲಿ ಬೇಲದ ಹಣ್ಣೋ ಬಿಲ್ವದ ಕಾಯೋ ಒಣಗರಿಯ ಮೇಲೆ ಬಿದ್ದ ಸದ್ದಿಗೆ ಮೊಲ ‘ಭೂಮಿ ಬಿರಿಯಿತು’ ಅಂತ ಓಡುತ್ತೆ, ಕಾಡೇ ಹಿಂದೆ ಓಡುತ್ತೆ, ಕೊನೆಗೆ ಸಿಂಹ ಬಂದು ಬುದ್ಧಿ ಹೇಳುತ್ತೆ. ಪಂಚತಂತ್ರದಲ್ಲಿ ಅದೇ ಮೊಲ ಸಿಂಹವನ್ನು ಬಾವಿಗೆ ಕೆಡವೋ ಚಾಣಾಕ್ಷ. ಹನ್ನೊಂದನೇ ಶತಮಾನದಲ್ಲಿ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದ ಕಾಲದಿಂದ ಪುಕ್ಕಲು, ಜಾಣ ಅನ್ನೋ ಎರಡು ಖಾನೆಗಳ ಆಚೆ ನಾವು ಮೊಲವನ್ನು ಹೆಚ್ಚು ನೋಡೇ ಇಲ್ಲ. ಹಂಪಿಯ ಐತಿಹ್ಯ ಸ್ವಲ್ಪ ಬೇರೆ. ಹಕ್ಕ ಬುಕ್ಕರ ಬೇಟೆನಾಯಿಗಳ ಮೇಲೆ ಮೊಲ ತಿರುಗಿ ಬಿದ್ದ ಜಾಗದಲ್ಲಿ ವಿಜಯನಗರ ಎದ್ದಿತು ಅಂತಾರೆ. ಅಲ್ಲೂ ಮೊಲದ ಧೈರ್ಯದ ಕ್ರೆಡಿಟ್ ಮೊಲಕ್ಕೆ ಸಿಗಲ್ಲ, ‘ಗಂಡುಮೆಟ್ಟಿನ ನೆಲ’ಕ್ಕೆ ಹೋಗುತ್ತೆ!

ಇನ್ನೊಂದು ತೊಡಕು ನಮ್ಮ ಪದದ್ದೇ. ನಮ್ಮ ಹೊಲಗದ್ದೆಗಳಲ್ಲಿ ಜಿಗಿದು ಮಾಯವಾಗೋ ಕಾಡುಮೊಲವೂ ಮೊಲ, ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕೊತ್ತಂಬರಿ ತಿನ್ನೋದೂ ಮೊಲ. ಇವೆರಡೂ ಬೇರೆ ಬೇರೆ ಪ್ರಾಣಿಗಳು. ಕಾಡುಮೊಲ ಬಿಲ ತೋಡಲ್ಲ. ಅದರ ಮರಿ ಕಣ್ಣು ಬಿಟ್ಟುಕೊಂಡೇ, ಮೈತುಂಬ ಕೂದಲಿನೊಂದಿಗೆ ಹುಟ್ಟುತ್ತೆ. ಸಾಕುಮೊಲದ ಮೂಲ ಯುರೋಪಿನದು, ಬಿಲದಲ್ಲಿ ಗುಂಪಾಗಿ ಬದುಕುವ ಜಾತಿ, ಮರಿಗಳು ಕುರುಡಾಗಿ, ಬೋಳಾಗಿ ಹುಟ್ಟುತ್ತವೆ. ಬಿಲ ಇದ್ದಲ್ಲಿ ಬಾಗಿಲು ಇರುತ್ತೆ. ಬಾಗಿಲು ಇದ್ದಲ್ಲಿ ‘ಇದು ನಂದು’ ಇರುತ್ತೆ. ಈ ವ್ಯತ್ಯಾಸ ಗೊತ್ತಿಲ್ಲದೆ ಸಾಕುಮೊಲದ ಸಿಟ್ಟು ಅರ್ಥ ಆಗೋದು ಕಷ್ಟ.

ಅರ್ಥ ಮಾಡಿಕೊಳ್ಳೋಕೆ ಒಂದು ಕಾದಂಬರಿ ಇದೆ, 1972ರಲ್ಲಿ ಬಂದ ರಿಚರ್ಡ್ ಆಡಮ್ಸ್‌ನ ‘ವಾಟರ್‌ಶಿಪ್ ಡೌನ್’. ಕಾರಿನಲ್ಲಿ ಹೋಗುವಾಗ ಇಬ್ಬರು ಹೆಣ್ಣುಮಕ್ಕಳಿಗೆ ಹೇಳಿದ ಕಥೆ ಬೆಳೆದು ಪುಸ್ತಕವಾದದ್ದು. ತಮ್ಮ ಬಿಲ ನಾಶವಾಗುತ್ತೆ ಅಂತ ಒಂದು ಪುಟ್ಟ ಮೊಲಕ್ಕೆ ಮುನ್ಸೂಚನೆ ಸಿಗುತ್ತೆ, ಕೆಲವು ಮೊಲಗಳು ಊರು ಬಿಟ್ಟು ಹೊಸ ನೆಲ ಹುಡುಕುತ್ತವೆ. ಇಷ್ಟೇ ಕಥೆ. ಮೊಲಗಳ ಬದುಕಿನ ವಿವರಕ್ಕೆ ಆಡಮ್ಸ್ ನೆಚ್ಚಿಕೊಂಡದ್ದು ನಿಸರ್ಗಶಾಸ್ತ್ರಜ್ಞ ಆರ್. ಎಂ. ಲಾಕ್ಲಿ 1964ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಹಾಗಾಗಿ ಇದರ ಮೊಲಗಳು ಮಾತಾಡಿದರೂ ಕೋಟು ಬೂಟು ಹಾಕಿಕೊಳ್ಳಲ್ಲ.

ಪುಸ್ತಕದ ದೊಡ್ಡ ಗೆಲುವು ಭಯ. ಆಡಮ್ಸ್ ತನ್ನ ಮೊಲಗಳಿಗೆ ಒಂದು ಭಾಷೆ ಕಟ್ಟಿದ, ಅದರಲ್ಲಿ ‘ಥಾರ್ನ್’ ಅನ್ನೋ ಪದ ಇಟ್ಟ. ಹೆದರಿಕೆಯಲ್ಲಿ ಮೈ ಮರಗಟ್ಟಿ, ಓಡಬೇಕು ಅನ್ನೋದೂ ಹೊಳೆಯದೆ ಕೂತುಬಿಡೋ ಸ್ಥಿತಿ. ಜಾತಕದ ಮೊಲದ ಭಯಕ್ಕೆ ನಗೆ ಸಿಕ್ಕರೆ, ಇಲ್ಲಿ ಅದಕ್ಕೊಂದು ಹೆಸರು ಸಿಗುತ್ತೆ. ಹೆಸರು ಸಿಕ್ಕಿದ್ದು ಕಣ್ಣಿಗೆ ಕಾಣೋಕೆ ಶುರುವಾಗುತ್ತೆ. ದೀಪಾವಳಿ ರಾತ್ರಿ ನಮ್ಮನೆ ಮೊಲ ಬೆಲ್ಲ (ಬಣ್ಣ ನೋಡಿ ಇಟ್ಟ ಹೆಸರು, ಸ್ವಭಾವ ನೋಡಿ ಅಲ್ಲ) ಸೋಫಾದ ಕೆಳಗೆ ಕಿವಿ ಬೆನ್ನಿಗೆ ಅಂಟಿಸಿ, ಕಣ್ಣು ಅಗಲಿಸಿ ಕೂತಿರ್ತಾಳೆ. ಮೊದಲ ಪಟಾಕಿಗೆ ಹಿಂಗಾಲಿನಿಂದ ನೆಲಕ್ಕೆ ‘ಧಪ್’ ಅಂತ ಒಂದೇಟು, ಬಿಲದಲ್ಲಿರೋ ಬೇರೆಯವರಿಗೆ ಎಚ್ಚರಿಕೆ. ಫ್ಲ್ಯಾಟ್‌ನಲ್ಲಿ ಇರೋಳು ಅವಳೊಬ್ಬಳೇ. ಆದರೂ ಹೊಡೀತಾಳೆ. ಎಷ್ಟನೆಯದೋ ಪಟಾಕಿಯ ನಂತರ ಅದೂ ನಿಲ್ಲುತ್ತೆ. ‘ಪಾಪ, ಅಭ್ಯಾಸ ಆಯ್ತು, ಸುಮ್ನಾದ್ಲು’ ಅಂದರು ಪಕ್ಕದ ಮನೆ ಆಂಟಿ. ಅಭ್ಯಾಸ ಅಲ್ಲ, ಥಾರ್ನ್. ಇಂಥ ರಾತ್ರಿ ಎತ್ತಿ ಅಪ್ಪಿಕೊಂಡು ಸಮಾಧಾನ ಮಾಡೋಕೆ ಹೋಗಬಾರದು. ಗಾಬರಿಯಲ್ಲಿ ಒದ್ದುಕೊಂಡರೆ ಮೊಲ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಹುದು, ಅದರ ಎಲುಬು ಅಷ್ಟು ಹಗುರ, ಹಿಂಗಾಲು ಅಷ್ಟು ಬಲ. ಬೆಳಗ್ಗೆ ನೋಡಬೇಕಾದ್ದು ತಟ್ಟೆ ಮತ್ತು ಹಿಕ್ಕೆ. ಹೆದರಿದ ಮೊಲ ತಿನ್ನೋದು ಬಿಟ್ಟರೆ ಕರುಳಿನ ಚಲನೆಯೇ ನಿಲ್ಲುತ್ತೆ, ಹತ್ತು ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಡಾಕ್ಟರ ಹತ್ತಿರ ಓಡಬೇಕು.

ಮೊಲ ಸಾಕಿರೋರಿಗೆ ಈ ಕಾದಂಬರಿಯಲ್ಲಿ ಎಲ್ಲಕ್ಕಿಂತ ಕಿರಿಕಿರಿ ಮಾಡೋ ಭಾಗ ಕೌಸ್ಲಿಪ್‌ನ ಬಿಲ. ಅಲ್ಲಿನ ಮೊಲಗಳು ದಷ್ಟಪುಷ್ಟ, ಹೊಳೆಯೋ ಮೈ, ಕವಿತೆ ಬೇರೆ ಹೇಳ್ತವೆ. ರೈತನೊಬ್ಬ ದಿನಾ ಕ್ಯಾರೆಟ್ಟು ಎಸೀತಾನೆ. ಆಗಾಗ ಯಾರೋ ಒಬ್ಬರು ಕಾಣೆಯಾಗ್ತಾರೆ, ‘ಎಲ್ಲಿ ಹೋದ’ ಅಂತ ಕೇಳೋದು ಮಾತ್ರ ಅಲ್ಲಿ ಅಸಭ್ಯತೆ. ಸುತ್ತ ಉರುಳು ಇದೆ ಅನ್ನೋದು ಎಲ್ಲರಿಗೂ ಗೊತ್ತು. ಐಟಿಯಲ್ಲಿರೋ ಗೆಳೆಯರು ಇದನ್ನು ಓದಿ ತಮ್ಮ ಆಫೀಸು ನೆನಪಿಸಿಕೊಂಡು ನಗ್ತಾರೆ, ಲೇಆಫ್ ಸೀಸನ್‌ನಲ್ಲಿ ನಾನೂ ನಕ್ಕಿದ್ದೇನೆ. ಆದರೆ ಇದನ್ನು ಬರೀ ರೂಪಕ ಅಂತ ಓದಿದರೆ ಆಡಮ್ಸ್ ಬರೆದದ್ದರಲ್ಲಿ ಅರ್ಧ ಕೈತಪ್ಪುತ್ತೆ. ಊಟ ಹಾಕೋ ಕೈ ಮೊಲಕ್ಕೆ ಯಾವತ್ತಿಗೂ ಪೂರ್ತಿ ನಂಬಿಕಸ್ತ ಕೈ ಅಲ್ಲ, ಅದು ಆ ಬಿಲದ ಜೀವಂತ ಸತ್ಯ. ಮೊಲದ ಕಣ್ಣು ತಲೆಯ ಎರಡೂ ಬದಿಯಲ್ಲಿವೆ. ಸುತ್ತಲಿನ ಎಲ್ಲವೂ, ಮೇಲಿನ ಗಿಡುಗವೂ ಕಾಣುತ್ತೆ. ಮೂಗಿನ ತುದಿಯ ಎದುರಿನ ಜಾಗ ಮಾತ್ರ ಕಾಣಲ್ಲ. ನಾವು ಪ್ರೀತಿಯಿಂದ ಕೈ ಚಾಚೋದು ಸರಿಯಾಗಿ ಅಲ್ಲಿಗೇ.

ಇನ್ನು ಪುಸ್ತಕ ಎಡವೋ ಜಾಗ. ನೆಲದ ಹಕ್ಕಿನ ವಿಷಯ ಬಂದ ಕೂಡಲೇ ಆಡಮ್ಸ್‌ಗೆ ಮೊಲ ಮರೆತುಹೋಗಿ ಪಲ್ಟನ್ ನೆನಪಾಗುತ್ತೆ. ಎರಡನೇ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದವನು, ನಾಯಕ ಮೊಲಗಳಿಗೆ ಅಲ್ಲಿನ ಅಧಿಕಾರಿಗಳೇ ಮಾದರಿ. ಎಫ್ರಾಫಾ ಅನ್ನೋ ಬಿಲದಲ್ಲಿ ಜನರಲ್ ವೂಂಡ್‌ವರ್ಟ್ ಗಸ್ತು, ಕಾವಲು, ಶಿಕ್ಷೆ ಎಲ್ಲ ನಡೆಸ್ತಾನೆ. ಓದೋಕೆ ರೋಚಕ, ಅನುಮಾನ ಇಲ್ಲ. ಆದರೆ ಊರು ಬಿಟ್ಟು ಹೊರಟ ತಂಡದಲ್ಲಿ ಒಂದೂ ಹೆಣ್ಣಿಲ್ಲ. ಹೊಸ ಬಿಲವನ್ನೂ ಗಂಡುಗಳೇ ತೋಡಬೇಕಾಗುತ್ತೆ, ಗಂಡುಗಳಿಗೆ ಅದು ರೂಢಿಯಲ್ಲ ಅಂತ ಕಾದಂಬರಿಯೇ ಒಪ್ಪಿಕೊಳ್ಳುತ್ತೆ. ಹೆಣ್ಣುಗಳು ಬೇಕು ಅನ್ನಿಸೋದು ಆಮೇಲೆ, ಅದೂ ಮರಿಗಳಿಗಾಗಿ. ನಿಜವಾದ ಮೊಲಗಳಲ್ಲಿ ಬಿಲ ತೋಡೋದು ಹೆಚ್ಚಾಗಿ ಹೆಣ್ಣೇ. ಮರಿ ಹಾಕೋ ಒಳ್ಳೆ ಜಾಗಕ್ಕಾಗಿ ಹೆಣ್ಣು ಹೆಣ್ಣುಗಳೇ ಕಚ್ಚಾಡುತ್ತವೆ. ಲಾಕ್ಲಿಯನ್ನು ಅಷ್ಟು ಓದಿಕೊಂಡೂ ಆಡಮ್ಸ್ ಗಡಿ ಕಾಯೋ ಕೆಲಸವನ್ನು ಮೀಸೆಯವರಿಗೆ ಬಿಟ್ಟ. (ಮೊಲದಲ್ಲಿ ಎಲ್ಲರಿಗೂ ಮೀಸೆ ಇರುತ್ತೆ, ಅದು ಬೇರೆ ಮಾತು.) 1996ರ ಉತ್ತರಭಾಗದಲ್ಲಿ ಹೆಣ್ಣುಗಳಿಗೆ ಜಾಗ ಕೊಟ್ಟ, ತಡವಾಗಿ.

ಇದು ಬರೀ ಸ್ತ್ರೀವಾದಿ ತಕರಾರು ಅಂತ ತಳ್ಳಿಹಾಕಬೇಡಿ, ಇದರಿಂದ ನಿಜವಾದ ಮೊಲಗಳು ಮನೆ ಕಳ್ಕೊಳ್ತಿವೆ. ‘ಮೊಲ ಅಂದ್ರೆ ಸಾಧು, ಹೆಣ್ಣು ಇನ್ನೂ ಸಾಧು’ ಅಂತ ಮರಿ ತರ್ತಾರೆ. ನಾಲ್ಕರಿಂದ ಆರು ತಿಂಗಳಿಗೆ ಅದು ಪ್ರಾಯಕ್ಕೆ ಬರುತ್ತೆ. ಗೂಡಿಗೆ ಕೈ ಹಾಕಿದರೆ ಗುರ್ ಅಂತ ಎಗರುತ್ತೆ, ಮುಂಗಾಲಿನಿಂದ ಬಾರಿಸುತ್ತೆ, ಹಾಸಿಗೆ ಮೇಲೆ ಉಚ್ಚೆ ಹೊಯ್ಯುತ್ತೆ. ‘ಮಗಾ, ಸಿಕ್ಕಾಪಟ್ಟೆ ಅಗ್ರೆಸಿವ್ ಆಗ್ಬಿಟ್ಟಿದೆ ಕಣೋ, ಯಾರಿಗಾದ್ರೂ ಕೊಟ್ಬಿಡ್ತೀನಿ’ ಅಂತ ನನ್ನ ಸಹೋದ್ಯೋಗಿಯೊಬ್ಬ ಲಿಫ್ಟ್‌ನಲ್ಲಿ ಹೇಳಿದ.

‘ಕಚ್ಚೋದು ಎಲ್ಲೆಲ್ಲಿ?’ ಅಂತ ಕೇಳಿದೆ.

‘ಗೂಡಲ್ಲಿ ಮಾತ್ರ. ಹಾಲ್‌ನಲ್ಲಿ ಬಿಟ್ರೆ ಕಾಲು ನೆಕ್ಕತ್ತೆ.’

ಉತ್ತರ ಅವನ ಮಾತಿನಲ್ಲೇ ಇತ್ತು. ಗೂಡು ಅವಳ ಬಿಲ. ಬಟ್ಟಲು ಎತ್ತೋಕೆ ಬರೋ ಕೈ, ಅವಳ ಲೆಕ್ಕದಲ್ಲಿ, ಬಿಲಕ್ಕೆ ನುಗ್ಗಿದ ಇನ್ನೊಂದು ಹೆಣ್ಣುಮೊಲ. ಹಾಲ್ ಯಾರದ್ದೂ ಅಲ್ಲ, ಹಾಗಾಗಿ ಅಲ್ಲಿ ಸ್ನೇಹ. ಗೂಡು ಕ್ಲೀನ್ ಮಾಡೋಕೆ ಅವಳು ಹೊರಗೆ ಓಡಾಡ್ತಿರೋ ಹೊತ್ತು ಆರಿಸ್ಕೋ, ಅವಳ ವಾಸನೆ ಇರೋ ಒಂದು ಹಿಡಿ ಹುಲ್ಲು ಒಳಗೇ ಬಿಡು, ಮೊಲದ ಅನುಭವ ಇರೋ ಡಾಕ್ಟರ ಹತ್ತಿರ ಸ್ಪೇ ಆಪರೇಷನ್ ಬಗ್ಗೆ ಮಾತಾಡು ಅಂದೆ. ಆಪರೇಷನ್‌ನಿಂದ ಈ ಜಗಳಗಂಟತನ ಬಹುಮಟ್ಟಿಗೆ ಇಳಿಯುತ್ತೆ, ಹೆಣ್ಣುಮೊಲಗಳಲ್ಲಿ ವಯಸ್ಸಾದಂತೆ ಸಾಮಾನ್ಯವಾಗಿ ಕಾಣೋ ಗರ್ಭಕೋಶದ ಕ್ಯಾನ್ಸರ್ ಕೂಡ ತಪ್ಪುತ್ತೆ. ಅವನಿಗೆ ನಂಬಿಕೆ ಬರಲಿಲ್ಲ. ‘ಅಷ್ಟೊಂದು ಗಿಡ್ಡ ಪ್ರಾಣಿಗೆ ಅಷ್ಟೊಂದು ಈಗೋನಾ?’ ಅಂದ. ಪುಸ್ತಕ ಕೊಟ್ಟಿದ್ದೇನೆ, ಎಫ್ರಾಫಾದ ಅಧ್ಯಾಯಗಳಲ್ಲಿ ಜನರಲ್‌ನ ಹೆಸರು ಬಂದಲ್ಲೆಲ್ಲ ನಿನ್ನ ಮೊಲದ ಹೆಸರು ಹಾಕ್ಕೊಂಡು ಓದು ಅಂತ. ಆಡಮ್ಸ್ ಬರೆದಿದ್ದಕ್ಕಿಂತ ಅದೇ ಹೆಚ್ಚು ನಿಜ.

1978ರಲ್ಲಿ ಇದೇ ಕಾದಂಬರಿ ಅನಿಮೇಷನ್ ಸಿನಿಮಾ ಆಯ್ತು. ಬ್ರಿಟನ್‌ನಲ್ಲಿ ಅದಕ್ಕೆ ಎಲ್ಲ ವಯಸ್ಸಿನವರೂ ನೋಡಬಹುದು ಅನ್ನೋ ‘ಯು’ ಸರ್ಟಿಫಿಕೇಟ್ ಕೊಟ್ಟಿದ್ದರು, ಕಾರ್ಟೂನ್ ಮೊಲ ಅಲ್ವಾ ಅಂತ ಮಕ್ಕಳನ್ನು ಕರ್ಕೊಂಡು ಹೋದವರು ರಕ್ತ ನೋಡಿ ಕಂಗಾಲಾದರು. ನಾನು ಅದನ್ನು ಲ್ಯಾಪ್‌ಟಾಪ್‌ನಲ್ಲಿ, ಇಯರ್‌ಫೋನ್ ಹಾಕ್ಕೊಂಡು ನೋಡಿದೆ. ಅದರಲ್ಲಿ ನಾಯಿ ಬೊಗಳುತ್ತೆ, ಬೆಲ್ಲ ಪಕ್ಕದಲ್ಲೇ ಇದ್ದಳು.